ಟೈಮಿಂಗ್ ಬೆಲ್ಟು ಕಡಿದ ಮೇಲೆ: ಎಂಜಿನ್ನಿನ ರೋಗನಿದಾನ

ಚೆನ್ನಾಗಿ ಓಡುತ್ತಿದ್ದ ಕಾರು ಯಾವ ಮುನ್ಸೂಚನೆಯೂ ಇಲ್ಲದೆ ನಡುದಾರಿಯಲ್ಲಿ ನಿಂತುಬಿಡುತ್ತದೆ. ಪೆಟ್ರೋಲು ಇದೆ, ಬ್ಯಾಟರಿಗೆ ಶಕ್ತಿ ಇದೆ, ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮೋಟಾರೂ ತಿರುಗುತ್ತದೆ. ಆದರೆ ಅದರ ಧ್ವನಿ ಎಂದಿನಂತಿಲ್ಲ. ಆರೋಗ್ಯವಾದ ಎಂಜಿನ್ನನ್ನು ಸ್ಟಾರ್ಟರ್ ತಿರುಗಿಸುವಾಗ ಏರಿಳಿತದ ಒಂದು ಲಯ ಕೇಳಿಬರುತ್ತದೆ. ಒಂದೊಂದು ಸಿಲಿಂಡರೂ ತನ್ನ ಸರದಿಯಲ್ಲಿ ಗಾಳಿಯನ್ನು ಒತ್ತುವ ಶ್ರಮದ ಧ್ವನಿ ಅದು. ಈಗ ಆ ಶ್ರಮವೇ ಇಲ್ಲದಂತೆ, ಹಗುರವಾಗಿ, ಅತಿವೇಗವಾಗಿ ಮೋಟಾರು ಗಿರ್ರನೆ ತಿರುಗುತ್ತದೆ. ಅನುಭವವುಳ್ಳ ಮೆಕ್ಯಾನಿಕ್ಕು ಇಷ್ಟನ್ನು ಕೇಳಿದೊಡನೆ ಟೈಮಿಂಗ್ ಬೆಲ್ಟು ಕಡಿದಿರಬೇಕೆಂದು ಊಹಿಸುತ್ತಾನೆ. ಊಹೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ತೊಡಕು ಆರಂಭವಾಗುವುದು ಅಲ್ಲಿಂದ ಮುಂದೆ. ಹೊಸ ಬೆಲ್ಟು ತೊಡಿಸಿ ಕೂಡಲೇ ಚಾಲೂ ಮಾಡಿ ನೋಡೋಣವೆನ್ನುವುದು ಒಂದು ಆತುರ. ಸಿಲಿಂಡರ್ ಹೆಡ್ಡನ್ನು ಬಿಚ್ಚಲೇಬೇಕೆಂದು ನೋಡದೆಯೇ ತೀರ್ಮಾನಿಸುವುದು ಇನ್ನೊಂದು ಆತುರ. ಎರಡರ ಬೆಲೆಯನ್ನೂ ತೆರುವವನು ಕಾರಿನ ಒಡೆಯನೇ. ಹಳೆಯ ಕಾರಾದರೆ ದುರಸ್ತಿಯ ವೆಚ್ಚ ಕಾರಿನ ಬೆಲೆಯನ್ನೇ ಮೀರಬಹುದು.

ಎಂಜಿನ್ನಿನ ಕೆಳಭಾಗದಲ್ಲಿರುವ ಕ್ರ್ಯಾಂಕ್ ಶಾಫ್ಟು ಪಿಸ್ಟನ್ನುಗಳ ಏರಿಳಿತವನ್ನು ತಿರುಗುವಿಕೆಯಾಗಿ ಮಾರ್ಪಡಿಸುತ್ತದೆ. ಮೇಲಿರುವ ಕ್ಯಾಮ್ ಶಾಫ್ಟು ವಾಲ್ವುಗಳನ್ನು ತಕ್ಕ ಕಾಲದಲ್ಲಿ ತೆರೆಯುತ್ತದೆ. ಕ್ರ್ಯಾಂಕು ಎರಡು ಸುತ್ತು ಬಂದಾಗ ಕ್ಯಾಮು ಒಂದೇ ಸುತ್ತು ಬರತಕ್ಕದ್ದು. ನಿಮಿಷಕ್ಕೆ 3000 ಸುತ್ತುಗಳ ವೇಗದಲ್ಲಿ ಪ್ರತಿಯೊಂದು ಪಿಸ್ಟನ್ನು ಸೆಕೆಂಡಿಗೆ 50 ಬಾರಿ ತುದಿಗೇರುತ್ತದೆ, ಪ್ರತಿಯೊಂದು ವಾಲ್ವು 25 ಬಾರಿ ತೆರೆದು ಮುಚ್ಚುತ್ತದೆ. ಇವೆರಡರ ನಡುವಣ ಒಪ್ಪಂದವನ್ನು ಕಾಯುವುದು ಹಲ್ಲುಗಳುಳ್ಳ ಒಂದು ರಬ್ಬರು ಪಟ್ಟಿ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಮೆರೆದ ಅಂಬಾಸಡರ್‌ನ 1489 ಘನ ಸೆಂಟಿಮೀಟರ್ ಎಂಜಿನ್ನಿನಲ್ಲಿಯೂ ಪ್ರೀಮಿಯರ್ ಪದ್ಮಿನಿಯಲ್ಲಿಯೂ ಈ ಕೆಲಸಕ್ಕೆ ಉಕ್ಕಿನ ಸರಪಳಿಯಿತ್ತು. ಜರ್ಮನಿಯ ಗ್ಲಾಸ್ ಸಂಸ್ಥೆ 1962ರಲ್ಲಿ ಮಾರುಕಟ್ಟೆಗೆ ತಂದ 1004 ಮಾದರಿಯ ಕಾರಿನೊಂದಿಗೆ ಬೆಲ್ಟು ದೊಡ್ಡ ಪ್ರಮಾಣದ ತಯಾರಿಕೆಗೆ ಪ್ರವೇಶಿಸಿತು. ಭಾರತದ ಮನೆಮನೆಗೆ ಅದನ್ನು ತಂದುದು 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800. ಬೆಲ್ಟು ಹಗುರ, ಸದ್ದಿಲ್ಲದ್ದು, ಎಣ್ಣೆ ಬೇಡದ್ದು, ಅಗ್ಗವಾದುದು. ಅದರ ಬಲವಿರುವುದು ರಬ್ಬರಿನೊಳಗೆ ಹುದುಗಿಸಿದ ಗಾಜಿನ ನೂಲಿನ ಎಳೆಗಳಲ್ಲಿ. ಈ ಎಳೆಗಳು ಎಳೆತವನ್ನು ಅದ್ಭುತವಾಗಿ ತಡೆಯುತ್ತವೆ, ಮಡಿಕೆಯನ್ನು ಮಾತ್ರ ತಡೆಯಲಾರವು. ಹೊಸ ಬೆಲ್ಟನ್ನು ಕೈಯಲ್ಲಿ ಮಡಚಿ ಅದರ ಗಟ್ಟಿತನವನ್ನು ಪರೀಕ್ಷಿಸುವ ಗಿರಾಕಿ ಅದನ್ನು ಅಲ್ಲಿಯೇ ಕೆಡಿಸಿರುತ್ತಾನೆ.

ಬೆಲ್ಟು ಕಡಿದ ಕ್ಷಣ ಕ್ಯಾಮು ನಿಂತುಬಿಡುತ್ತದೆ. ಕ್ರ್ಯಾಂಕು ನಿಲ್ಲುವುದಿಲ್ಲ, ತನ್ನ ವೇಗದಿಂದಲೂ, ಕಾರು ಗೇರಿನಲ್ಲಿದ್ದರೆ ಉರುಳುವ ಚಕ್ರಗಳ ಬಲದಿಂದಲೂ ಅದು ಮುಂದೆ ತಿರುಗುತ್ತಲೇ ಇರುತ್ತದೆ. ಆಗ ಯಾವ ಯಾವ ವಾಲ್ವುಗಳು ತೆರೆದ ಸ್ಥಿತಿಯಲ್ಲಿದ್ದವೋ ಅವು ಹಾಗೆಯೇ ಕೆಳಕ್ಕೆ ಚಾಚಿಕೊಂಡು ನಿಲ್ಲುತ್ತವೆ. ಕೆಲವು ಎಂಜಿನ್ನುಗಳಲ್ಲಿ ತುದಿಗೇರಿದ ಪಿಸ್ಟನ್ನಿಗೂ ಪೂರ್ಣ ತೆರೆದ ವಾಲ್ವಿಗೂ ನಡುವೆ ಸಾಕಷ್ಟು ಅಂತರವಿರುತ್ತದೆ. ಅಂಥವಕ್ಕೆ ಹೊಸ ಬೆಲ್ಟೊಂದೇ ಔಷಧ. ಇನ್ನು ಕೆಲವುಗಳಲ್ಲಿ ಅದೇ ಜಾಗವನ್ನು ಪಿಸ್ಟನ್ನೂ ವಾಲ್ವೂ ಸರದಿಯಂತೆ ಹಂಚಿಕೊಂಡಿರುತ್ತವೆ. ಸರದಿ ತಪ್ಪಿದರೆ ಡಿಕ್ಕಿ. ಪೆನ್ಸಿಲಿಗಿಂತ ತೆಳುವಾದ ವಾಲ್ವಿನ ಕಾಂಡ ಬಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಹಳ ಬಿಗಿಯಾಗಿ ಒತ್ತಬೇಕಾದುದರಿಂದ ಅಂತರ ತೀರ ಕಡಿಮೆ. ಅಲ್ಲಿ ಡಿಕ್ಕಿಯಾಗಿದೆಯೆಂದೇ ಭಾವಿಸಿ ಮುಂದುವರಿಯುವುದು ಲೇಸು. ಎಂಜಿನ್ನು ಯಾವ ಜಾತಿಗೆ ಸೇರಿದುದೆಂಬುದನ್ನು ತಯಾರಕರ ಕೈಪಿಡಿಯಿಂದ ತಿಳಿಯಬೇಕೇ ಹೊರತು ಬಾಯಿಮಾತಿನಿಂದಲ್ಲ.

ಇದರಿಂದ ಹೊರಡುವ ಮೊದಲನೆಯ ನಿಯಮವು ಮೆಕ್ಯಾನಿಕ್ಕಿಗಲ್ಲ, ಚಾಲಕನಿಗೆ. ನಿಂತ ಕಾರನ್ನು ಗೇರಿನಲ್ಲಿಟ್ಟು ನಾಲ್ಕು ಜನರಿಂದ ತಳ್ಳಿಸಿ ಚಾಲೂ ಮಾಡಿಸುವ ನಮ್ಮ ಹಳೆಯ ರೂಢಿ ಇಲ್ಲಿ ಅನರ್ಥಕಾರಿ. ಬೆಲ್ಟು ಕಡಿದಾಗ ಉಳಿದುಕೊಂಡ ವಾಲ್ವು ಆ ತಳ್ಳಾಟದಲ್ಲಿ ಬಾಗೀತು. ಸ್ಟಾರ್ಟರನ್ನು ಮತ್ತೆ ಮತ್ತೆ ಒತ್ತುವುದೂ ಅಷ್ಟೇ.

ಗ್ಯಾರೇಜಿನಲ್ಲಿ ಮೊದಲು ಆಗಬೇಕಾದುದು ಬೆಲ್ಟಿನ ಮುಚ್ಚಳವನ್ನು ತೆಗೆದು ಕಣ್ಣಾರೆ ನೋಡುವ ಕೆಲಸ. ಕೆಲವೊಮ್ಮೆ ಬೆಲ್ಟು ಇಡಿಯಾಗಿಯೇ ಕಾಣುತ್ತದೆ. ಕ್ರ್ಯಾಂಕಿನ ಚಕ್ರದ ಬಳಿ ಅದರ ಹಲ್ಲುಗಳು ಮಾತ್ರ ಉದುರಿರುತ್ತವೆ. ಬೆಲ್ಟು ಏಕೆ ಕಡಿಯಿತೆಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ತಯಾರಕರು ಎಂಜಿನ್ನಿಗನುಗುಣವಾಗಿ ಇಷ್ಟು ಕಿಲೋಮೀಟರು ಅಥವಾ ಇಷ್ಟು ವರ್ಷವೆಂದು ಅವಧಿಯನ್ನು ಗೊತ್ತುಪಡಿಸಿರುತ್ತಾರೆ. ಕಡಿಮೆ ಓಡುವ ಕಾರಿನ ಒಡೆಯರು ವರ್ಷದ ಲೆಕ್ಕವನ್ನು ಮರೆಯುವುದುಂಟು. ಆದರೆ ಮುಪ್ಪು ಒಂದೇ ಕಾರಣವಲ್ಲ. ಸೀಲು ಸೋರಿ ಎಣ್ಣೆ ಕುಡಿದ ರಬ್ಬರು ಮೆತ್ತಗಾಗುತ್ತದೆ. ಬೆಲ್ಟನ್ನು ಬಿಗಿಹಿಡಿಯುವ ಗಾಲಿಯ ಬೇರಿಂಗು ಕೆಟ್ಟಿರಬಹುದು. ಅನೇಕ ಎಂಜಿನ್ನುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು. ಪಂಪು ಬಿಗಿದುಕೊಂಡರೆ ಬೆಲ್ಟು ಹರಿಯುತ್ತದೆ. ಎಣ್ಣೆಯಿಲ್ಲದೆ ಕ್ಯಾಮೇ ಬಿಗಿದುಕೊಂಡಿದ್ದರೆ ಹೊಸ ಬೆಲ್ಟು ಒಂದು ದಿನವೂ ಬಾಳದು.

ಇನ್ನು ಮುಖ್ಯವಾದ ನಿದಾನ. ನಾಲ್ಕು ಸಿಲಿಂಡರುಗಳು ಸಾಲಾಗಿರುವ ಎಂಜಿನ್ನಿನಲ್ಲಿ ಕ್ರ್ಯಾಂಕನ್ನು ತುದಿಯ ಗುರುತಿನಿಂದ ಕಾಲು ಸುತ್ತು ಹಿಂದಕ್ಕೆ ಸರಿಸಿದರೆ ನಾಲ್ಕೂ ಪಿಸ್ಟನ್ನುಗಳು ಸುಮಾರು ನಡುಮಟ್ಟದಲ್ಲಿ ನಿಲ್ಲುತ್ತವೆ. ಇದನ್ನು ಸ್ಪ್ಯಾನರಿನಿಂದ ಕೈಯಲ್ಲಿಯೇ ಮಾಡಬೇಕು. ಎಲ್ಲಿಯಾದರೂ ತಡೆ ಕಂಡರೆ ಬಲ ಹಾಕದೆ ನಿಲ್ಲಿಸಿ, ಇನ್ನೊಂದು ದಿಕ್ಕಿಗೆ ತಿರುಗಿಸಬೇಕು. ಪಿಸ್ಟನ್ನುಗಳು ನಡುಮಟ್ಟಕ್ಕೆ ಬಂದ ಮೇಲೆ ಕ್ಯಾಮನ್ನು ಹೇಗೆ ತಿರುಗಿಸಿದರೂ ವಾಲ್ವಿಗೆ ಅಪಾಯವಿಲ್ಲ. ಮೂರು ಸಿಲಿಂಡರಿನ ಎಂಜಿನ್ನಿಗೆ ಈ ಉಪಾಯ ಹೊಂದದು. ಅದಕ್ಕೆ ಕೈಪಿಡಿಯ ಕ್ರಮವೇ ಪ್ರಮಾಣ.

ಈಗ ಅತ್ಯಂತ ಅಗ್ಗದ ಸಾಧನವೊಂದು ಅತ್ಯಂತ ಬೆಲೆಬಾಳುವ ಸಾಕ್ಷ್ಯವನ್ನು ನುಡಿಯುತ್ತದೆ. ಅದೇ ಫೀಲರ್ ಗೇಜು. ತಿರುಪಿನಿಂದ ಅಂತರವನ್ನು ಹೊಂದಿಸುವ ವ್ಯವಸ್ಥೆಯಿರುವ ಎಂಜಿನ್ನಿನಲ್ಲಿ ಒಂದೊಂದೇ ವಾಲ್ವಿನ ಕ್ಯಾಮಿನ ಉಬ್ಬನ್ನು ಆಚೆ ತಿರುಗಿಸಿ ರಾಕರಿನ ಅಂತರವನ್ನು ಅಳೆಯುತ್ತಾ ಹೋಗಬೇಕು. ಬಾಗಿದ ವಾಲ್ವು ತನ್ನ ಪೀಠದಲ್ಲಿ ಪೂರ್ತಿ ಕುಳಿತುಕೊಳ್ಳಲಾರದು. ಸ್ವಲ್ಪ ಕೆಳಗೇ ಉಳಿಯುತ್ತದೆ. ಆದ್ದರಿಂದ ಅದರ ಅಂತರ ಉಳಿದವುಗಳಿಗಿಂತ ಎದ್ದುಕಾಣುವಷ್ಟು ಹೆಚ್ಚಾಗಿರುತ್ತದೆ. ಎಲ್ಲ ವಾಲ್ವುಗಳೂ ಒಂದು ಮಿಲಿಮೀಟರಿನ ಆರನೆಯ ಒಂದಂಶದಷ್ಟು ಅಂತರ ತೋರುತ್ತಿರುವಾಗ ಒಂದು ಮಾತ್ರ ಪೂರ್ತಿ ಮಿಲಿಮೀಟರು ತೋರಿದರೆ ಬೇರೆ ಪುರಾವೆ ಬೇಕಿಲ್ಲ. ಎಣ್ಣೆಯ ಒತ್ತಡದಿಂದ ಅಂತರವನ್ನು ತಾನೇ ತುಂಬಿಕೊಳ್ಳುವ ವ್ಯವಸ್ಥೆಯುಳ್ಳ ಎಂಜಿನ್ನಿನಲ್ಲಿ ಮಾತ್ರ ಈ ಅಳತೆ ನಂಬತಕ್ಕದ್ದಲ್ಲ.

ಅಲ್ಲಿ ಗಾಳಿಯ ಪರೀಕ್ಷೆ ನೆರವಿಗೆ ಬರುತ್ತದೆ. ಕಾರನ್ನು ಗೇರಿನಲ್ಲಿಟ್ಟು ಹ್ಯಾಂಡ್ ಬ್ರೇಕು ಹಾಕಿ, ಒಂದು ಸಿಲಿಂಡರಿನ ಎಲ್ಲ ವಾಲ್ವುಗಳೂ ಮುಚ್ಚುವಂತೆ ಕ್ಯಾಮನ್ನು ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ರಂಧ್ರದ ಮೂಲಕ ಹಿತವಾದ ಒತ್ತಡದಲ್ಲಿ ಗಾಳಿ ಬಿಡಬೇಕು. ಬಳಿಕ ಕಿವಿಗೊಟ್ಟು ಕೇಳಬೇಕು. ಸೈಲೆನ್ಸರಿನ ತುದಿಯಲ್ಲಿ ಗಾಳಿ ಸುಯ್ದರೆ ಹೊಗೆ ಬಿಡುವ ವಾಲ್ವು, ಗಾಳಿ ಸೋಸುವ ಫಿಲ್ಟರಿನ ಕಡೆ ಸುಯ್ದರೆ ಒಳಗೆ ಬಿಡುವ ವಾಲ್ವು, ಎಣ್ಣೆ ಹಾಕುವ ಬಾಯಿಯಲ್ಲಿ ಬಂದರೆ ಪಿಸ್ಟನ್ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ಟು. ರಿಂಗಿನ ಬಳಿ ಅಲ್ಪ ಸೋರಿಕೆ ಎಲ್ಲ ಎಂಜಿನ್ನಿನಲ್ಲೂ ಉಂಟು; ಬಾಗಿದ ವಾಲ್ವಾದರೋ ಗಾಳಿಯನ್ನು ಬಾಗಿಲು ತೆರೆದಂತೆ ಹೊರಬಿಡುತ್ತದೆ. ಸಣ್ಣ ಸುಯ್ಲು ಕೇಳಿದ ಮಾತ್ರಕ್ಕೆ ವಾಲ್ವನ್ನು ಅಪರಾಧಿಯೆನ್ನಬಾರದು. ಉದುರಿದ ಇದ್ದಿಲಿನ ಚೂರು ಪೀಠದಲ್ಲಿ ಸಿಕ್ಕಿರಬಹುದು. ಮರದ ಸುತ್ತಿಗೆಯಿಂದ ವಾಲ್ವನ್ನು ಮೃದುವಾಗಿ ಒಂದೆರಡು ಸಲ ತಟ್ಟಿ ಮತ್ತೆ ಪರೀಕ್ಷಿಸುವ ತಾಳ್ಮೆ ಒಂದು ಹೆಡ್ಡನ್ನು ಬಿಚ್ಚುವ ಶ್ರಮವನ್ನು ಉಳಿಸಿದ್ದುಂಟು.

ಈ ಪರೀಕ್ಷೆಗಳಲ್ಲಿ ದೋಷ ಕಾಣದಿದ್ದರೆ ಮಾತ್ರ ಹೊಸ ಬೆಲ್ಟು ತೊಡಿಸಿ, ಇಂಧನವನ್ನೂ ಕಿಡಿಯನ್ನೂ ತಡೆದು, ಕಂಪ್ರೆಷನ್ ಗೇಜಿನಿಂದ ಒತ್ತಡ ಅಳೆಯಬೇಕು. ಇಲ್ಲಿ ಅಂಕಿಗಿಂತ ಅಂಕಿಗಳ ಹೋಲಿಕೆ ಹೆಚ್ಚು ಹೇಳುತ್ತದೆ. ಮೂರು ಸಿಲಿಂಡರುಗಳು ಚದರ ಸೆಂಟಿಮೀಟರಿಗೆ 12 ಕಿಲೋಗ್ರಾಮಿನಂತೆ ತೋರಿಸಿ ನಾಲ್ಕನೆಯದು ಸೊನ್ನೆ ತೋರಿದರೆ ಅಲ್ಲಿ ವಾಲ್ವು ಬಾಗಿದೆ. ಎಲ್ಲವೂ ಸಮನಾಗಿ 6 ಅಥವಾ 7 ತೋರಿದರೆ ವಾಲ್ವುಗಳನ್ನು ದೂರುವ ಮುನ್ನ ಬೆಲ್ಟು ತೊಡಿಸಿದ ಕೈಯನ್ನು ಶಂಕಿಸಬೇಕು: ಕ್ಯಾಮಿನ ಗುರುತು ಒಂದೆರಡು ಹಲ್ಲು ತಪ್ಪಿ ಕುಳಿತಿರುವ ಸಂಭವವೇ ಹೆಚ್ಚು. ಸರಿಯಾದ ಎಂಜಿನ್ನೊಂದು ಈ ತಪ್ಪಿನಿಂದಲೇ ಕೆಟ್ಟದ್ದೆಂದು ಹೆಸರು ಪಡೆದು ಬಿಚ್ಚಿಸಿಕೊಳ್ಳುವುದು ಅಪರೂಪವಲ್ಲ.

ವಾಲ್ವು ಬಾಗಿರುವುದು ಖಚಿತವಾದರೆ ಹೆಡ್ಡು ಇಳಿಯಲೇಬೇಕು. ಆಗಲೂ ಬಾಗಿದ ವಾಲ್ವನ್ನು ಬದಲಿಸಿದರೆ ಸಾಲದು. ಅದು ಚಲಿಸುವ ಕೊಳವೆ ಬಿರಿದಿದೆಯೇ, ಪಿಸ್ಟನ್ನಿನ ನೆತ್ತಿಯ ಮೇಲಿನ ಅರ್ಧಚಂದ್ರಾಕಾರದ ಗುರುತು ಬರಿಯ ಗೀರೇ ಅಥವಾ ಬಿರುಕೇ ಎಂಬುದನ್ನೂ ನೋಡಬೇಕು. ಡೀಸೆಲ್ಲಿನಲ್ಲಿ ಕನೆಕ್ಟಿಂಗ್ ರಾಡಿನ ನೇರವನ್ನು ಸಹ ಪರೀಕ್ಷಿಸಬೇಕು. ಕೆಲವು ಡೀಸೆಲ್ ಎಂಜಿನ್ನುಗಳಲ್ಲಿ ಮೊದಲು ಮುರಿಯುವುದು ರಾಕರ್ ತೋಳು, ವಾಲ್ವು ಉಳಿದಿರುತ್ತದೆ. ಅಂಥ ಕಾರಿನ ಒಡೆಯನು ಭಾಗ್ಯವಂತ.

ಜೋಡಣೆ ಮುಗಿದ ಮೇಲೆ, ಕೀಲಿಗೆ ಕೈ ಹಾಕುವ ಮುನ್ನ, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಎಲ್ಲಿಯೂ ತಡೆಯಿಲ್ಲದೆ ಗುರುತುಗಳೆಲ್ಲ ಮರಳಿ ಎದುರುಬದುರಾದರೆ ಆಗ ಎಂಜಿನ್ನನ್ನು ಚಾಲೂ ಮಾಡಬಹುದು.