ಸೀಮೆಬದನೆಗೆ ಯಾವ ಸೀಮೆ?

ಜಯನಗರ ನಾಲ್ಕನೇ ಬ್ಲಾಕಿನ ಒಂದು ತರಕಾರಿ ಅಂಗಡಿ. ಶನಿವಾರದ ಸಂಜೆ. ತಾಯಿಯ ಜೊತೆ ಬಂದ ಹುಡುಗನೊಬ್ಬ ಬುಟ್ಟಿಯಲ್ಲಿದ್ದ ತಿಳಿಹಸುರು ಕಾಯಿಯೊಂದನ್ನು ಎತ್ತಿ ಹಿಡಿದು ‘ಇದೇನಮ್ಮಾ?’ ಎನ್ನುತ್ತಾನೆ. ‘ಸೀಮೆಬದನೆಕಾಯಿ ಕಣೋ, ಹುಳಿಗೆ ಹಾಕ್ತೀನಲ್ಲ’ ಎಂಬುದು ತಾಯಿಯ ಉತ್ತರ. ‘ಬದನೆಕಾಯಿ ಥರ ಇಲ್ವೇ ಇಲ್ಲ. ಸೀಮೆ ಅಂದ್ರೆ ಯಾವೂರು?’ ತಾಯಿಗೆ ಉತ್ತರ ಹೊಳೆಯುವುದಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ನಿಂತ ತಮಿಳು ಮನೆಮಾತಿನ ಅಜ್ಜಿಯೊಬ್ಬರು ಅದೇ ಕಾಯಿಯತ್ತ ಕೈತೋರಿ, ‘ಬೆಂಗಳೂರು ಕತ್ತರಿಕ್ಕಾಯ್’ ಅರ್ಧ ಕಿಲೋ ಕೊಡಪ್ಪಾ ಎನ್ನುತ್ತಾರೆ. ಹುಡುಗನ ಗೊಂದಲ ಇಮ್ಮಡಿಯಾಗುತ್ತದೆ. ಬೆಂಗಳೂರಿನವರು ಹೊರನಾಡಿನದೆಂದು ಕರೆಯುವ ಕಾಯಿ ತಮಿಳರಿಗೆ ಬೆಂಗಳೂರಿನದು!

ತೆಲುಗರೂ ಇದನ್ನು ‘ಬೆಂಗಳೂರು ವಂಕಾಯ’ ಎನ್ನುತ್ತಾರೆ. ನಿಜಕ್ಕೂ ಇದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಅಲ್ಲಿನ ನಹುವಾತ್ಲ್ ಭಾಷೆಯ ‘ಚಯೋತ್ಲಿ’ಯೇ ಸ್ಪ್ಯಾನಿಷ್ ಬಾಯಲ್ಲಿ ‘ಚಯೋಟೆ’ ಆಯಿತು. ಬದನೆಗೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಇದು ಸೋರೆ, ಹಾಗಲ, ಸೌತೆಗಳ ಕುಟುಂಬದ ಬಳ್ಳಿ. ‘ಸೀಮೆ’ ಎಂದರೆ ಮೊದಲಿಗೆ ಗಡಿ, ಪ್ರದೇಶ. ಬರುಬರುತ್ತಾ ಗಡಿಯಾಚೆಯಿಂದ ಬಂದದ್ದಕ್ಕೆಲ್ಲ ಅದೇ ಮುದ್ರೆಯಾಯಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುಗಳಂತೆ ಸೀಮೆಹುಣಸೆ, ಸೀಮೆಬದನೆಗಳೂ ಬಂದವು. ಹೀಗೆ ಒಂದು ಕಾಯಿಯ ಹೆಸರಿನಲ್ಲಿ ಇತಿಹಾಸವಿದೆ, ಭೂಗೋಳವಿದೆ, ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಇದೆ. ಹುಡುಗ ಕೇಳಿದ ಪ್ರಶ್ನೆ ಸಣ್ಣದಲ್ಲ.

ಹೊಸಬರಿಗೆ ಹಳೆಯ ಹೆಸರು

ಅಪರಿಚಿತ ಗಿಡವೊಂದು ಊರಿಗೆ ಬಂದಾಗ ಜನ ಅದಕ್ಕೆ ಹೊಚ್ಚಹೊಸ ಪದ ಹುಟ್ಟಿಸುವುದು ಅಪರೂಪ. ಗೊತ್ತಿರುವ ಗಿಡದ ಹೆಸರಿಗೇ ಒಂದು ಬಾಲವನ್ನೋ ಕೊಂಬನ್ನೋ ಸೇರಿಸುತ್ತಾರೆ. ಮೆಣಸು ಈ ನೆಲದ್ದು. ಅದರಂತೆಯೇ ಖಾರವಾದ ಅಮೆರಿಕದ ಕಾಯಿ ಪೋರ್ಚುಗೀಸರ ಕಾಲದಲ್ಲಿ ಬಂದಾಗ ‘ಮೆಣಸಿನಕಾಯಿ’ ಆಯಿತು. ಕಡಲೆ ಮೊದಲೇ ಇತ್ತು. ದಕ್ಷಿಣ ಅಮೆರಿಕದಿಂದ ಬಂದು ಮಣ್ಣಿನೊಳಗೆ ಕಾಯಿ ಬಿಡುವ ಗಿಡ ‘ಕಡಲೆಕಾಯಿ’ಯಾಯಿತು, ಕೆಲವೆಡೆ ‘ನೆಲಗಡಲೆ’ಯಾಯಿತು. ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಪರಿಷೆಯಲ್ಲಿ ರಾಶಿ ಬೀಳುವುದು ಈ ಪರದೇಶಿಯೇ. ಹುರುಳಿ ಇಲ್ಲಿಯ ಕಾಳು, ಆದರೆ ಬೆಂಗಳೂರಿನ ಅಂಗಡಿಯಲ್ಲಿ ‘ಹುರುಳಿಕಾಯಿ’ ಎಂದರೆ ಅಮೆರಿಕ ಮೂಲದ ಬೀನ್ಸ್. ತೆನೆಯನ್ನು ಸಿಪ್ಪೆಯೊಳಗೆ ಅಡಗಿಸಿಕೊಂಡ ಹೊಸ ಜೋಳಕ್ಕೆ ‘ಮುಸುಕಿನ ಜೋಳ’ ಎಂದವರ ಕಣ್ಣು ಎಷ್ಟು ಚುರುಕಿರಬೇಕು! ಪಪ್ಪಾಯಿಗೆ ‘ಪರಂಗಿ ಹಣ್ಣು’ ಎಂದವರಂತೂ ತಂದವರ ಗುರುತನ್ನೇ ಹೆಸರಿನಲ್ಲಿ ಕಟ್ಟಿಹಾಕಿದರು. ಪರಂಗಿ ಎಂದರೆ ಯೂರೋಪಿನ ಬಿಳಿಯ.

ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಅವರು (1918–1980) ಈ ಅತಿಥಿಗಳ ಬಗ್ಗೆಯೇ ಒಂದು ಪುಸ್ತಕ ಬರೆದು ಅದಕ್ಕೆ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಎಂದು ಹೆಸರಿಟ್ಟರು. ಡಿ.ವಿ.ಜಿ.ಯವರ ಮಗನಾದ ಸ್ವಾಮಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ಗಿಡಮರಗಳ ಕುರಿತ ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಸಸ್ಯಶಾಸ್ತ್ರವನ್ನು ಮನೆಮಾತಿನ ಕನ್ನಡದಲ್ಲಿ, ನಗುನಗುತ್ತಾ ಹೇಳಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಾಲಿಗೆ ಬಲ್ಲ ವ್ಯಾಕರಣ

ಯಾರೂ ಕಲಿಸದಿದ್ದರೂ ಕನ್ನಡದ ಮಗು ‘ಮಾವಿನ ಮರ’, ‘ಬೇವಿನ ಮರ’, ‘ಹಲಸಿನ ಹಣ್ಣು’, ‘ತೆಂಗಿನ ಕಾಯಿ’ ಎನ್ನುತ್ತದೆ. ಅದೇ ಮಗು ‘ಹುಣಸೆ ಮರ’, ‘ಬದನೆಕಾಯಿ’, ‘ನಿಂಬೆಹಣ್ಣು’, ‘ಬಾಳೆ ಎಲೆ’ ಎನ್ನುವಾಗ ನಡುವೆ ಏನನ್ನೂ ಸೇರಿಸುವುದಿಲ್ಲ. ಇದರ ಹಿಂದೆ ಒಂದು ನಿಯಮವಿದೆ. ಉಕಾರದಲ್ಲಿ ಮುಗಿಯುವ ಹೆಸರಿಗೆ ‘ಇನ’ ಬೇಕು. ಎಕಾರದಲ್ಲಿ ಮುಗಿಯುವ ಹೆಸರು ಸಾಮಾನ್ಯವಾಗಿ ಹಾಗೆಯೇ ಮುಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. ಅಕಾರದಲ್ಲಿ ಮುಗಿಯುವ ಆಲಕ್ಕೆ ‘ದ’ ಬಂದು ‘ಆಲದ ಮರ’ವಾಗುತ್ತದೆ. ವ್ಯಾಕರಣ ಕಷ್ಟ ಎನ್ನುವ ವಿದ್ಯಾರ್ಥಿಗಳು ಅಡುಗೆಮನೆಯಿಂದಲೇ ಈ ಪಾಠವನ್ನು ಆರಂಭಿಸಬಹುದು.

ಇಂಗ್ಲಿಷಿನಲ್ಲಿ ಎಲ್ಲದಕ್ಕೂ ‘ಫ್ರೂಟ್’ ಒಂದೇ. ಕನ್ನಡದಲ್ಲಿ ಬಲಿತದ್ದು ಕಾಯಿ, ಮಾಗಿದ್ದು ಹಣ್ಣು. ಕಾಯಿಗೆ ಮೊದಲು ಹೀಚು ಮತ್ತು ಮಿಡಿ, ಕಾಯಿಗೂ ಹಣ್ಣಿಗೂ ನಡುವೆ ದೋರೆಗಾಯಿ. ಉಪ್ಪಿನಕಾಯಿಗೆ ಮಿಡಿ, ಚಿತ್ರಾನ್ನಕ್ಕೆ ಕಾಯಿ, ಸೀಕರಣೆಗೆ ಹಣ್ಣು ಎಂದು ವಿಂಗಡಿಸುವ ಮನೆಗಳಿಗೆ ಇಷ್ಟು ಪದಗಳು ಬೇಕೇ ಬೇಕು. ಈ ‘ಕಾಯಿ’ ಲೋಕವನ್ನೂ ಸುತ್ತಿದೆ. ತಮಿಳಿನ ‘ಮಾಂಗಾಯ್’, ಮಲಯಾಳದ ‘ಮಾಂಙ’ ಪೋರ್ಚುಗೀಸರಿಗೆ ‘ಮಾಂಗ’ವಾಗಿ, ಇಂಗ್ಲಿಷರಿಗೆ ‘ಮ್ಯಾಂಗೋ’ ಆಯಿತು. ಲಂಡನ್ನಿನ ಅಂಗಡಿಯಲ್ಲಿ ಮ್ಯಾಂಗೋ ಕೇಳುವವರು ತಮಗೆ ತಿಳಿಯದೆಯೇ ‘ಮಾವಿನ ಕಾಯಿ’ ಕೇಳುತ್ತಿರುತ್ತಾರೆ.

ಇನ್ನೊಂದು ಸ್ವಾರಸ್ಯ ಹಕಾರದ್ದು. ಹಳಗನ್ನಡದ ಪೂ, ಪಣ್, ಪಲಸು ಈಗ ಹೂ, ಹಣ್ಣು, ಹಲಸು. ತಮಿಳು, ಮಲಯಾಳಗಳು ಹಳೆಯ ಪಕಾರವನ್ನು ಉಳಿಸಿಕೊಂಡಿವೆ. ಬೆಂಗಳೂರಿನ ಬೀದಿಗಳಿಗೆ ನೆರಳಾಗಿರುವ ಹೊಂಗೆ ಮಲಬಾರಿನಲ್ಲಿ ‘ಪೊಂಗಂ’. ಸಸ್ಯಶಾಸ್ತ್ರಜ್ಞರು ಆ ಹೆಸರನ್ನೇ ಹಿಡಿದು ‘ಪೊಂಗಾಮಿಯ ಪಿನ್ನಾಟ’ ಎಂದರು. ಲ್ಯಾಟಿನ್ ವೇಷ ತೊಟ್ಟರೂ ಒಳಗಿರುವುದು ದ್ರಾವಿಡ ಪದ. ಅಡಿಕೆಯ ಶಾಸ್ತ್ರೀಯ ಹೆಸರಿನ ‘ಅರೆಕ’ವೂ ಹೀಗೆಯೇ, ಅದು ಮಲಯಾಳದ ‘ಅಡಕ್ಕ’ದಿಂದ, ಅಂದರೆ ಕನ್ನಡದ ಅಡಿಕೆಯ ಒಡಹುಟ್ಟಿನಿಂದ ಬಂದದ್ದು.

ಮಕ್ಕಳ ಆಟ, ಹಿರಿಯರ ನೋಟ

ದಕ್ಷಿಣ ಬೆಂಗಳೂರಿನ ರಸ್ತೆಗಳಲ್ಲಿ ಹೊರನಾಡಿನ ಮರಗಳಿಗೆ ಕೊರತೆಯಿಲ್ಲ. ಮಡಗಾಸ್ಕರಿನ ಗುಲ್‌ಮೊಹರಿನ ಉದ್ದನೆಯ ಒಣಕಾಯಿ ಹಿಡಿದು ಯುದ್ಧವಾಡಿದವರಿಗೆ ಅದು ‘ಕತ್ತಿಕಾಯಿ ಮರ’. ಆಫ್ರಿಕದ ಸ್ಪಾಥೋಡಿಯದ ಮೊಗ್ಗು ಹಿಸುಕಿ ಗೆಳೆಯರ ಮುಖಕ್ಕೆ ನೀರು ಚಿಮ್ಮಿಸಿದವರಿಗೆ ಅದು ‘ನೀರುಕಾಯಿ ಮರ’. ದಕ್ಷಿಣ ಅಮೆರಿಕದ ಮರವೊಂದರ ಹೂವಿನಲ್ಲಿ ಹೆಡೆಯೆತ್ತಿದ ನಾಗ ಮತ್ತು ಲಿಂಗವನ್ನು ಕಂಡವರು ಅದನ್ನು ‘ನಾಗಲಿಂಗಪುಷ್ಪ’ ಎಂದು ಕರೆದು ದೇವರ ಮುಡಿಗೇರಿಸಿದರು. ಎತ್ತರದ ಕೊಂಬೆಯಿಂದ ಬಿಳಿ ಹೂ ಉದುರಿಸುವ ಮರ ‘ಆಕಾಶಮಲ್ಲಿಗೆ’, ಸಾಯಂಕಾಲ ಅರಳುವ ಗಿಡ ‘ಸಂಜೆಮಲ್ಲಿಗೆ’. ಎರಡೂ ಮಲ್ಲಿಗೆಯ ಕುಟುಂಬದವಲ್ಲ. ಪರಿಮಳಕ್ಕೆ ಸಂದ ಬಿರುದು ಅದು.

ಆಟ, ಆಕಾರ, ವಾಸನೆ, ನಡತೆಗಳಿಂದ ಹೆಸರಿಡುವುದು ಎಲ್ಲ ನಾಡಿನ ರೂಢಿ. ಕನ್ನಡಿಗರು ಎಲೆಯ ಆಕಾರ ನೋಡಿ ‘ಇಲಿಕಿವಿ ಸೊಪ್ಪು’ ಎಂದರೆ, ದೂರದ ಉಜ್ಬೆಕಿಸ್ತಾನದವರು ಹುಳಿಯೆಲೆಯ ಗಿಡವೊಂದನ್ನು ‘ಓತ್‌ಕುಲೋಕ್’, ಅಂದರೆ ಕುದುರೆಕಿವಿ ಎನ್ನುತ್ತಾರೆ. ಅದೇ ಉಜ್ಬೆಕ್ ಮಾತಿನಲ್ಲಿ ‘ಸಬ್ಜಿ’ ಎಂದರೆ ಹಿಂದಿಯಂತೆ ತರಕಾರಿಯಲ್ಲ, ಬರೀ ಗಜ್ಜರಿ!

ಹೆಸರು ದಾರಿ ತಪ್ಪಿಸಿದಾಗ

ಆದರೆ ಎಲ್ಲ ಹೆಸರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಮನೆಗಳ ಕಾಂಪೌಂಡಿನಲ್ಲಿ ಕಂಬದಂತೆ ನೆಟ್ಟಗೆ ನಿಂತ, ಅಲೆಅಲೆ ಅಂಚಿನ ಎಲೆಯ ಮರವನ್ನು ಅನೇಕರು ‘ಅಶೋಕ’ ಎನ್ನುತ್ತಾರೆ. ಅದು ಸೀತಾಫಲದ ಕುಟುಂಬದ್ದು. ಕಿತ್ತಳೆಗೆಂಪು ಹೂಗೊಂಚಲಿನ ನಿಜವಾದ ಅಶೋಕ ಬೇರೆ, ಅದು ಹುಣಸೆಯ ಕುಟುಂಬಕ್ಕೆ ಸೇರಿದ್ದು. ಆಯುರ್ವೇದದಲ್ಲಿ ಸ್ತ್ರೀರೋಗಗಳಿಗೆ ಹೇಳಿರುವ ತೊಗಟೆ ಈ ಎರಡನೆಯದರದ್ದು. ‘ಬ್ರಾಹ್ಮಿ’ಯ ಕಥೆಯೂ ಇಂಥದೇ. ಕರ್ನಾಟಕದ ಅನೇಕ ಮನೆಗಳಲ್ಲಿ ಬ್ರಾಹ್ಮಿ ಎಂದರೆ ತಂಬುಳಿಗೆ ಬಳಸುವ ಒಂದೆಲಗ. ಕೇರಳದಲ್ಲಿ ಅದೇ ಹೆಸರು ನೀರುಬ್ರಾಹ್ಮಿಗೆ. ತರಕಾರಿಯ ಹೆಸರು ತಪ್ಪಿದರೆ ಹುಳಿಯ ರುಚಿ ಕೆಟ್ಟೀತು. ಮದ್ದಿನ ಹೆಸರು ತಪ್ಪಿದರೆ ಕೆಡುವುದು ಮೈ.

ಇಂಥ ಗೊಂದಲಕ್ಕೆ ಪರಿಹಾರವಾಗಿಯೇ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರತಿ ಸಸ್ಯಕ್ಕೂ ಎರಡು ಪದದ ಹೆಸರನ್ನು ಬಳಕೆಗೆ ತಂದದ್ದು. ಮೊದಲ ಪದ ಕುಲದ್ದು, ಎರಡನೆಯದು ಜಾತಿಯದು. ಈ ಏರ್ಪಾಡು ಕನ್ನಡಕ್ಕೆ ಅಪರಿಚಿತವೇನಲ್ಲ. ‘ನೆಲನೆಲ್ಲಿ’ಯಲ್ಲಿ ‘ನೆಲ್ಲಿ’ ಕುಲ, ‘ನೆಲ’ ಗುರುತು. ಲ್ಯಾಟಿನ್ನಿನಲ್ಲಿ ಮುಂದಿರುವುದು ಕನ್ನಡದಲ್ಲಿ ಹಿಂದಿದೆ, ಅಷ್ಟೇ. ಸಸ್ಯಶಾಸ್ತ್ರವೂ ನೆಲ್ಲಿ, ನೆಲನೆಲ್ಲಿ ಎರಡನ್ನೂ ‘ಫಿಲಾಂಥಸ್’ ಎಂಬ ಒಂದೇ ಕುಲದಲ್ಲಿ ಇರಿಸಿದೆ. ಹಳ್ಳಿಗರ ಕಣ್ಣು ಅಲ್ಲಿ ಸರಿಯಾಗಿತ್ತು. ‘ನೆಲಬೇವು’ ಮಾತ್ರ ಬೇವಿನ ನೆಂಟನಲ್ಲ. ಅಲ್ಲಿ ಹೆಸರಿಟ್ಟದ್ದು ಕಣ್ಣಲ್ಲ, ನಾಲಿಗೆ. ಕಹಿಯೊಂದೇ ಅವೆರಡರ ಸಂಬಂಧ.

ಲ್ಯಾಟಿನ್ ಹೆಸರಿನೊಳಗೂ ಕೆಲವೊಮ್ಮೆ ಕುರಿಗಾಹಿಯ ಅನುಭವ ಅಡಗಿರುತ್ತದೆ. ಕೆಮ್ಮಿಗೆ ಬಳಸುವ ಆಡುಸೋಗೆಯ ಶಾಸ್ತ್ರೀಯ ಹೆಸರು ‘ಜಸ್ಟೀಸಿಯ ಅಧಾತೋಡ’. ಈ ‘ಅಧಾತೋಡ’ ತಮಿಳಿನ ‘ಆಡು ತೊಡಾ’ದಿಂದ ಬಂದದ್ದು, ಎಂದರೆ ಆಡು ಮುಟ್ಟದ್ದು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಇದೊಂದು ಅಪವಾದ!

ಅಜ್ಜಿಯೂ ಪಠ್ಯಪುಸ್ತಕವೂ

ಶಾಲೆಯ ಪಾಠದಲ್ಲಿ ಬರುವ ಪದಗಳು ಬೇರೆ ಜಾತಿಯವು. ದ್ಯುತಿಸಂಶ್ಲೇಷಣೆ, ಪತ್ರಹರಿತ್ತು, ಪರಾಗಸ್ಪರ್ಶ ಎಂದೊಡನೆ ಕನ್ನಡ ಮಾಧ್ಯಮದ ಮಕ್ಕಳೂ ಬೆಚ್ಚುತ್ತಾರೆ. ಬಿಡಿಸಿ ನೋಡಿದರೆ ಭಯವಿಲ್ಲ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು. ಇಂಗ್ಲಿಷಿನ ‘ಫೋಟೊಸಿಂಥೆಸಿಸ್’ನಲ್ಲಿ ಇರುವುದೂ ಇವೇ ಎರಡು ಮಾತು, ಗ್ರೀಕಿನಲ್ಲಿ. ‘ದ್ವಿದಳ ಧಾನ್ಯ’ವನ್ನು ಉರು ಹೊಡೆಯುವ ಬದಲು ನೆನೆಸಿದ ಅವರೆಕಾಳನ್ನು ಹಿತುಕಿ ನೋಡಿದರೆ ಎರಡು ಬೇಳೆ ಕೈಗೆ ಬರುತ್ತವೆ. ಆ ಬೇಳೆಯೇ ಪಾಠದ ಬೀಜದಳ. ಅಜ್ಜಿ ಬಲ್ಲ ಮಾತಿಗೂ ಪುಸ್ತಕದ ಮಾತಿಗೂ ನಡುವೆ ಇರುವ ದೂರ ಇಷ್ಟೇ. ಅದನ್ನು ದಾಟಿಸುವವರು ಮನೆಯಲ್ಲಿ ಬೇಕು.

ಇಂದಿನ ಆತಂಕ ಇರುವುದೂ ಇಲ್ಲಿಯೇ. ಜೆ.ಪಿ. ನಗರದ, ಬನಶಂಕರಿಯ ಮನೆಗಳಲ್ಲಿ ಮಕ್ಕಳಿಗೆ ಫೋಟೊಸಿಂಥೆಸಿಸ್ ಗೊತ್ತು, ಗೇಟಿನ ಮುಂದಿನ ಹೊಂಗೆ ಗೊತ್ತಿಲ್ಲ. ತುಂಬೆ, ಉತ್ತರಾಣಿ, ಹೊನಗೊನೆಗಳನ್ನು ಗುರುತಿಸಬಲ್ಲವರು ಅಜ್ಜ, ಅಜ್ಜಿಯರು, ಅವರನ್ನು ಕೇಳುವವರಿಲ್ಲ. ಹೆಸರು ಮರೆತ ಗಿಡ ಬರೀ ಕಳೆಯಾಗುತ್ತದೆ, ಕಳೆಯನ್ನು ಕಿತ್ತೆಸೆಯಲು ಯಾರೂ ಹಿಂದುಮುಂದು ನೋಡುವುದಿಲ್ಲ.

ಇದಕ್ಕೆ ಖರ್ಚಿಲ್ಲದ ಉಪಾಯವೊಂದಿದೆ. ರಜೆಯ ದಿನ ಹಿರಿಯರೊಬ್ಬರನ್ನು ಕರೆದುಕೊಂಡು ತಮ್ಮ ರಸ್ತೆಯ ಒಂದೊಂದೇ ಮರದ ಹೆಸರನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಮನೆಯಲ್ಲಿ ಹೇಳುವ ಹೆಸರು ಒಂದು ಕಡೆ, ನೆರೆಮನೆಯವರು ತಮ್ಮ ಭಾಷೆಯಲ್ಲಿ ಹೇಳುವುದು ಇನ್ನೊಂದು ಕಡೆ, ಶಾಸ್ತ್ರೀಯ ಹೆಸರು ಮತ್ತೊಂದು ಕಡೆ. ಅನುಮಾನ ಬಂದರೆ 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ ಹತ್ತಿರದಲ್ಲೇ ಇದೆ. ಅಲ್ಲಿನ ಅನೇಕ ಮರಗಳಿಗೆ ಹೆಸರಿನ ಫಲಕಗಳಿವೆ.

ಮರ ಮುಗಿದ ಮೇಲೆ ಬಸ್ಸಿನ ಬೋರ್ಡುಗಳನ್ನೂ ಓದಬಹುದು. ಬನ್ನೇರುಘಟ್ಟ ರಸ್ತೆಯ ಬಡಾವಣೆಯೊಂದರ ಹೆಸರು ಹುಳಿಮಾವು. ಬಿ.ಟಿ.ಎಂ. ಲೇಔಟಿನ ಮೂರು ಅಕ್ಷರಗಳನ್ನು ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ದಿನವೂ ಆ ಬಸ್ಸು ಹತ್ತುವ ಎಷ್ಟು ಮಕ್ಕಳಿಗೆ ನಡುವಿನ ‘ಟಿ’ಯಲ್ಲಿ ಒಂದು ತಾವರೆ ಇದೆಯೆಂದು ಗೊತ್ತು?