ಸ್ಟ್ಯಾಂಡ್‌ಬೈ ಚಿಲ್ಲರ್‌ನ ಗ್ಯಾಸು ಯಾರ ಲೆಕ್ಕಕ್ಕೆ?

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿ ಶಿಮುಲ್ ಡೈರಿಯೂ ಇದೆ, ಐಟಿ ಪಾರ್ಕೂ ಇದೆ. ಹಾಲಿರಲಿ, ಸರ್ವರ್ ಇರಲಿ, ತಂಪು ತಪ್ಪಿದರೆ ಕೆಟ್ಟಿತು. ಅದಕ್ಕೇ ಇಂಥ ಉದ್ಯಮಗಳಲ್ಲಿ ಎರಡು ಚಿಲ್ಲರ್ (ತಂಪು ಮಾಡುವ ಯಂತ್ರ) ಸಾಕಾಗುವಲ್ಲಿ ಮೂರನೆಯದನ್ನೂ ಸ್ಟ್ಯಾಂಡ್‌ಬೈ ಆಗಿ ಕೂರಿಸುವುದು ವಾಡಿಕೆ.

ಓಡದ ಯಂತ್ರ ಕರೆಂಟು ತಿನ್ನುವುದಿಲ್ಲ. ಅದರ ಹೊಟ್ಟೆಯಲ್ಲಿರುವ ಗ್ಯಾಸಿನ ಕಥೆ ಬೇರೆ. ಆರ್-134ಎ ಎಂಬ ಗ್ಯಾಸು ತುಂಬಿದ ಚಿಲ್ಲರ್ ಓಡುವಾಗ ತಂಪಿನ ಬದಿಯ ಒತ್ತಡ ವಾಯುಮಂಡಲದ ಒತ್ತಡದ ಮೂರೂವರೆ ಪಟ್ಟಿನ ಆಸುಪಾಸು. ನಿಲ್ಲಿಸಿದರೆ ಇಡೀ ಯಂತ್ರ ಹೊರಗಿನ ಬಿಸಿಗೆ ಬರುತ್ತದೆ. 30 ಡಿಗ್ರಿಯಲ್ಲಿ ಅದೇ ಬದಿಯ ಒತ್ತಡ ಏಳೂವರೆ ಪಟ್ಟು ದಾಟುತ್ತದೆ. ಮೋಟರು ಹೊರಗಿರುವ ಕಂಪ್ರೆಸರ್ ಆದರಂತೂ, ತಿಂಗಳುಗಟ್ಟಲೆ ತಿರುಗದಿದ್ದರೆ ಶಾಫ್ಟ್ ಸೀಲಿನ ಎಣ್ಣೆ ಒಣಗಿ ಅಲ್ಲಿಂದಲೇ ಗ್ಯಾಸು ಜಿನುಗುತ್ತದೆ. ನುರಿತ ಮೆಕ್ಯಾನಿಕ್‌ಗಳು ಸ್ಟ್ಯಾಂಡ್‌ಬೈ ಯಂತ್ರವನ್ನೂ ಆಗಾಗ ಓಡಿಸುವುದು ಇದಕ್ಕೇ.

ಎಷ್ಟು ಸೋರೀತು? ಹಸಿರು ಕಟ್ಟಡಗಳಿಗೆ ದರ್ಜೆ ಕೊಡುವ ಲೀಡ್ ಪದ್ಧತಿಯ ನಾಲ್ಕನೆಯ ಆವೃತ್ತಿ ವರ್ಷಕ್ಕೆ ಶೇ 2 ಸೋರಿಕೆ, ಯಂತ್ರ ಗುಜರಿಗೆ ಹೋಗುವಾಗ ಶೇ 10 ನಷ್ಟ ಎಂದು ಹಿಡಿಯುತ್ತದೆ. 100 ಕೆಜಿ ಗ್ಯಾಸು, 20 ವರ್ಷದ ಬಾಳಿಕೆ ಎಂದುಕೊಳ್ಳಿ: ವರ್ಷಕ್ಕೆ ಸರಾಸರಿ ಎರಡೂವರೆ ಕೆಜಿ ಹೋಯಿತು. ಒಂದು ಕೆಜಿ ಆರ್-134ಎ ಭೂಮಿಯನ್ನು 1,430 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಮಾಡುತ್ತದೆ. ಸುಮ್ಮನೆ ನಿಂತಿದ್ದಕ್ಕೇ ವರ್ಷಕ್ಕೆ ಮೂರೂವರೆ ಟನ್!

ಚಮತ್ಕಾರ ಇರುವುದು ಮುಂದೆ. ಲೀಡ್ ಈ ಹೊರೆಯನ್ನು ಕೂರಿಸಿದ ಒಟ್ಟು ತಂಪು ಸಾಮರ್ಥ್ಯದ ಮೇಲೆ ಹಂಚಿ ಸರಾಸರಿ ತೆಗೆಯುತ್ತದೆ. ಒಂದೇ ಮಾದರಿಯ ಮೂರನೆಯ ಚಿಲ್ಲರ್ ಬಂದಾಗ ಗ್ಯಾಸು 200ರಿಂದ 300 ಕೆಜಿಗೆ ಏರುತ್ತದೆ, ಸಾಮರ್ಥ್ಯವೂ ಅಷ್ಟೇ ಪಾಲು ಏರುತ್ತದೆ. ಸರಾಸರಿ ಕದಲುವುದೇ ಇಲ್ಲ. ಇಪ್ಪತ್ತು ಜನರ ಊಟಕ್ಕೆ ಮೂವತ್ತು ಎಲೆ ಬಡಿಸಿ, ಎಲೆಯೊಂದರ ಖರ್ಚು ಹೆಚ್ಚಲಿಲ್ಲವಲ್ಲ ಎಂದ ಹಾಗೆ. ಕಟ್ಟಡಕ್ಕೆ ನಿಜವಾಗಿ ಬೇಕಾದ ತಂಪಿನಿಂದ ಭಾಗಿಸಬೇಕು ಅನ್ನುವುದು ನನ್ನ ವಾದ. ಆಗ ಮೂರನೆಯ ಯಂತ್ರ ಹೊರೆಯ ಅಂಕವನ್ನು ಒಂದೂವರೆ ಪಟ್ಟು ಮಾಡುತ್ತದೆ, ಮಾಲೀಕರು ಯೋಚನೆಗೆ ಬೀಳುತ್ತಾರೆ.

ಯೋಚಿಸಿದರೆ ದಾರಿ ಡೈರಿಗಳಲ್ಲೇ ಸಿಕ್ಕೀತು. ದೊಡ್ಡ ಡೈರಿಗಳಲ್ಲಿ ಸಾಮಾನ್ಯವಾಗಿ ಬಳಸುವುದು ಅಮೋನಿಯಾ. ಓಝೋನಿಗೆ ಕುತ್ತಿಲ್ಲ, ಭೂಮಿಯನ್ನು ಬಿಸಿ ಮಾಡುವ ಅಂಕ ಸೊನ್ನೆ. ಸೋರಿದರೆ ಪ್ರಾಣಕ್ಕೇ ಅಪಾಯವಾದ್ದರಿಂದ ಜನ ಕೂತು ಕೆಲಸ ಮಾಡುವ ಕಚೇರಿಗೆ ಅದು ಒಗ್ಗದು. ಡೈರಿಯವರ ಐಸ್ ಬ್ಯಾಂಕ್ ಮಾತ್ರ ಎಲ್ಲಿಗೂ ಒಗ್ಗುತ್ತದೆ: ಬಿಡುವಿನ ಹೊತ್ತಿನಲ್ಲಿ ಕೊಳವೆಗಳ ಸುತ್ತ ಐಸು ಕಟ್ಟಿಸುವುದು, ಹಾಲು ಬಂದಾಗ ಅದನ್ನು ಕರಗಿಸಿ ಹಾಲನ್ನು 4 ಡಿಗ್ರಿಗೆ ಇಳಿಸುವುದು. ಚಿಲ್ಲರ್ ಕೆಟ್ಟರೆ ರಿಪೇರಿ ಆಗುವ ತನಕ ಕೆಲವು ಗಂಟೆಗಳ ತಂಪು ಟ್ಯಾಂಕಿನಲ್ಲೇ ಇರುತ್ತದೆ. ಅದು ಸೋರಿದರೂ ನೀರು.

ಗ್ಯಾಸು ಕಡಿಮೆ ಮಾಡಲು ಇನ್ನೊಂದು ಕಾರಣವೂ ಇದೆ: ಇಂಥ ಅನಿಲಗಳನ್ನು ತಗ್ಗಿಸುವ 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿತು. ಆರ್-134ಎ ಜಾತಿಯ ಅನಿಲಗಳ ಕಡಿತ ನಮ್ಮಲ್ಲಿ 2032ಕ್ಕೆ ಶುರುವಾಗಿ 2047ಕ್ಕೆ ಶೇ 85 ಮುಟ್ಟಬೇಕು. ಇವತ್ತು ಕೂರಿಸಿದ ಚಿಲ್ಲರ್‌ಗೆ ಗ್ಯಾಸು ತುಂಬಿಸಬೇಕಾಗಿ ಬರುವುದು ಆ ವರ್ಷಗಳಲ್ಲೇ.