ಮಣ್ಣಿನ ಕಮಾನು, ತಗಡಿನ ಮಾಡು

ಹಸಿ ಇಟ್ಟಿಗೆ ಒತ್ತಡ ತಾಳುತ್ತದೆ, ಎಳೆತ ತಾಳದು. ಹಾಗಾಗಿ ಅದರಿಂದ ಗೋಡೆ ಎಬ್ಬಿಸುವುದು ಸುಲಭ. ಚಾವಣಿಗೆ ಮಾತ್ರ ಮರದ ತೊಲೆಯೋ ಕಬ್ಬಿಣವೋ ಬೇಕಾಗುತ್ತದೆ. ಮರ ವಿರಳವಾದ ನೂಬಿಯಾದಲ್ಲಿ, ಅಂದರೆ ಈಜಿಪ್ಟಿನ ದಕ್ಷಿಣ ತುದಿ ಮತ್ತು ಉತ್ತರ ಸುಡಾನಿನಲ್ಲಿ, ಜನ ಈ ತೊಡಕನ್ನು ಕಮಾನಿನಿಂದ ಬಿಡಿಸಿಕೊಂಡರು. ಇಟ್ಟಿಗೆಯ ಮೊದಲ ಸಾಲನ್ನು ಹಿಂಬದಿಯ ಗೋಡೆಗೆ ಒರಗಿಸಿ, ವಾಲಿಸಿ ಕಟ್ಟುತ್ತಾರೆ. ಮುಂದಿನ ಪ್ರತಿ ಸಾಲೂ ಹಿಂದಿನದಕ್ಕೆ ಒರಗುತ್ತದೆ. ಹುಲ್ಲು ಬೆರೆಸಿದ ಇಟ್ಟಿಗೆ ಹಗುರವಾದ್ದರಿಂದ ಕೆಸರಿನ ಅಂಟೇ ಅದನ್ನು ಹಿಡಿದು ನಿಲ್ಲಿಸುತ್ತದೆ, ಸೆಂಟ್ರಿಂಗ್ ಬೇಕಿಲ್ಲ. ತೂಗುಬಿಟ್ಟ ಸರಪಳಿಯನ್ನು ಬುಡಮೇಲು ಮಾಡಿದಂಥ ಈ ಆಕಾರದಲ್ಲಿ ಭಾರವೆಲ್ಲ ಒತ್ತಡವಾಗಿಯೇ ನೆಲಕ್ಕಿಳಿಯುತ್ತದೆ. ಲಕ್ಸರ್ ಎದುರಿನ ರಾಮೆಸಿಯಂ ದೇಗುಲದ ಉಗ್ರಾಣಗಳಲ್ಲಿ ಇಂಥ ಮಣ್ಣಿನ ಕಮಾನುಗಳು 3,000 ವರ್ಷ ದಾಟಿಯೂ ಉಳಿದಿವೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಮರ, ಕಬ್ಬಿಣ ದುರ್ಲಭವಾದಾಗ ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತಿ ಈ ಕೌಶಲದತ್ತ ಹೊರಳಿದರು. ಲಕ್ಸರ್ ಎದುರಿನ ಪ್ರಾಚೀನ ಗೋರಿಗಳ ಮೇಲೆ ಮನೆ ಮಾಡಿಕೊಂಡಿದ್ದ ಗುರ್ನಾ ಗ್ರಾಮವನ್ನು ಸ್ಥಳಾಂತರಿಸಲು ಸರ್ಕಾರ ನಿರ್ಧರಿಸಿದಾಗ ಹೊಸ ಊರಿನ ಹೊಣೆ ಅವರಿಗೆ ಬಂತು. 1946ರಲ್ಲಿ ನೂಬಿಯಾದ ಗಾರೆಯವರ ಕೈಯಿಂದ ಕೆಲಸ ಆರಂಭವಾಯಿತು. ದಪ್ಪ ಗೋಡೆ, ಒಳ ಅಂಗಳ, ಗಾಳಿ ಇಳಿಸಿಕೊಳ್ಳುವ ಗೂಡು ಎಲ್ಲವೂ ಆ ಬಿಸಿಲಿಗೆ ತಕ್ಕವೇ. ಆದರೂ ಹೆಚ್ಚಿನ ಗ್ರಾಮಸ್ಥರು ಅಲ್ಲಿಗೆ ಹೋಗಲಿಲ್ಲ. ಗೋರಿಗಳ ಆಸುಪಾಸಿನಲ್ಲಿದ್ದ ಜೀವನೋಪಾಯ ಬಿಡಲು ಅವರು ಸಿದ್ಧರಿರಲಿಲ್ಲ, ಅದು ಮುಖ್ಯ ಕಾರಣ. ಇನ್ನೊಂದೂ ಇತ್ತು: ಹೊಸ ಮನೆಗಳ ಮೇಲೆ ಗುಮ್ಮಟಗಳಿದ್ದವು, ಅವರ ಕಣ್ಣಿಗೆ ಗುಮ್ಮಟವೆಂದರೆ ಸಮಾಧಿ. ನೂಬಿಯಾದ ಪರಂಪರೆ ಗುರ್ನಾದವರ ಪರಂಪರೆ ಆಗಿರಲಿಲ್ಲ. ಫತಿಯವರ ಲೆಕ್ಕಾಚಾರ ಎಷ್ಟೇ ನಿಖರವಾಗಿದ್ದರೂ ಈ ಅಂತರವನ್ನು ಅದು ತುಂಬಲಾರದಾಯಿತು.

ಬುರ್ಕಿನಾ ಫಾಸೊದ ಗಾಂಡೊ ಹಳ್ಳಿಯಲ್ಲಿ ಜನರ ಅನುಮಾನ ಇದಕ್ಕೆ ತದ್ವಿರುದ್ಧವಾಗಿತ್ತು: ಅಲ್ಲಿ ತೊಡಕು ಪರಕೀಯ ಆಕಾರದ್ದಲ್ಲ, ತೀರ ಪರಿಚಿತವಾದ ಮಣ್ಣಿನದು. ಬರ್ಲಿನ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಆ ಊರಿನ ಫ್ರಾನ್ಸಿಸ್ ಕೆರೆ ಮಣ್ಣಿನ ಶಾಲೆ ಕಟ್ಟೋಣ ಎಂದಾಗ, ಮಳೆಗೆ ಕರಗುವ ಮಣ್ಣು ಯಾಕೆ ಎಂದು ಊರವರು ಹಿಂಜರಿದರು. ತಮ್ಮ ಮನೆಯ ಗೋಡೆ ಪ್ರತಿ ಮಳೆಗಾಲದಲ್ಲೂ ಕೊರೆದುಹೋಗುವುದನ್ನು ಕಂಡವರ ಮಾತದು, ಅಜ್ಞಾನವೆಂದು ತಳ್ಳಿಹಾಕುವಂಥದ್ದಲ್ಲ. ಕೆರೆ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಅಚ್ಚಿನಲ್ಲಿ ಒತ್ತಿ ಇಟ್ಟಿಗೆ ಮಾಡಿಸಿದರು. ಸಿಮೆಂಟ್ ಮಣ್ಣಿನ ಕಣಗಳನ್ನು ಬೆಸೆಯುವುದರಿಂದ ಇಂಥ ಇಟ್ಟಿಗೆ ನೀರಿಗೆ ಬೇಗ ಕರಗದು.

ತಗಡಿನ ಮಾಡು ಮಳೆ ತಡೆಯುತ್ತದೆ, ಆದರೆ ಬಿಸಿಲಿಗೆ ಕೋಣೆಯನ್ನು ಒಲೆ ಮಾಡಿಬಿಡುತ್ತದೆ. ಕೆರೆ ತಗಡನ್ನು ಕೈಬಿಡದೆ, ತೆಳು ಕಂಬಿಗಳ ಚೌಕಟ್ಟಿನ ಮೇಲೆ ಎತ್ತರಕ್ಕೇರಿಸಿ, ಅದರ ಕೆಳಗೆ ಸಂದುಗಳಿರುವ ಮಣ್ಣಿನ ಚಾವಣಿ ಹಾಸಿದರು. ಕಾದ ಗಾಳಿ ಹಗುರಾಗಿ ಸಂದುಗಳಿಂದ ಮೇಲೇರುತ್ತದೆ, ನಡುವಿನ ತೆರಪಿನಿಂದ ಹೊರಟುಹೋಗುತ್ತದೆ. ಕಿಟಕಿಗಳಿಂದ ತಂಪಾದ ಗಾಳಿ ಒಳಬರುತ್ತದೆ. ಹೊರಚಾಚಿದ ಮಾಡು ಗೋಡೆಗೆ ಮಳೆ ತಾಗಗೊಡದು. ಊರವರೇ ದುಡಿದು ಕಟ್ಟಿದ ಶಾಲೆ 2001ರಲ್ಲಿ ಮುಗಿಯಿತು, 2004ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಪಡೆಯಿತು. 2022ರಲ್ಲಿ ಕೆರೆ ವಾಸ್ತುಶಿಲ್ಪದ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ನರಾದರು. ಅದಕ್ಕೂ ಬಹಳ ಮೊದಲೇ ನೆರೆಯ ಎರಡು ಹಳ್ಳಿಗಳು ಗಾಂಡೊವನ್ನು ನೋಡಿ ತಮ್ಮ ಶಾಲೆಗಳನ್ನು ತಾವೇ ಕಟ್ಟಿಕೊಂಡಿದ್ದವು.